ಡ್ರೆಡ್‌ಲಾಕ್ ಬಿಡಿಸಿಯೂ ಉದ್ದ ಕೂದಲನ್ನು ಉಳಿಸಿಕೊಳ್ಳಬಹುದೇ?

ಐದು ವರ್ಷಗಳ ಹಿಂದೆ ಗೋಕರ್ಣದ ಕಡಲತೀರದಲ್ಲಿ ಕ್ರೋಶಾ ಕಡ್ಡಿಯಿಂದ ಕಟ್ಟಿಸಿಕೊಂಡ ಡ್ರೆಡ್‌ಲಾಕ್‌ಗಳು, ಅಂದರೆ ಹಗ್ಗದಂತೆ ಗಂಟುಗಟ್ಟಿಸಿದ ಕೂದಲಿನ ಎಳೆಗಳು, ಈಗ ಸೊಂಟ ಮುಟ್ಟುತ್ತಿವೆ, ಹೋದ ಪಾರ್ಲರುಗಳಲ್ಲೆಲ್ಲ ಬುಡದಿಂದ ಕತ್ತರಿಸುವುದೊಂದೇ ದಾರಿ ಎನ್ನುತ್ತಿದ್ದಾರೆ, ಡಿಸೆಂಬರಿನಲ್ಲಿ ತಂಗಿಯ ಮದುವೆ ಇರುವುದರಿಂದ ಅಷ್ಟರೊಳಗೆ ಉದ್ದ ಕಳೆದುಕೊಳ್ಳದೆ ಬಿಡಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಬಿಡಿಸಿಕೊಳ್ಳಬಹುದು. ಕುಮಟಾದಲ್ಲಿ ನನ್ನದೊಂದು ಚಿಕ್ಕ ಪಾರ್ಲರ್ ಇದೆ. ಗೋಕರ್ಣ ಹತ್ತಿರವಾದ್ದರಿಂದ ಅಲ್ಲಿ ಕಟ್ಟಿಸಿಕೊಂಡವರಲ್ಲಿ ಕೆಲವರು ಬಿಡಿಸಿಕೊಳ್ಳಲು ನನ್ನಲ್ಲಿಗೆ ಬರುತ್ತಾರೆ. ಕತ್ತರಿಸಿ ಎಂದವರು ನಿಮಗೆ ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ಒಬ್ಬರ ತಲೆಗೆ ದಿನಗಟ್ಟಲೆ ಒಂದು ಕುರ್ಚಿಯನ್ನೂ ಒಬ್ಬ ಕೆಲಸದಾಕೆಯನ್ನೂ ಮೀಸಲಿಟ್ಟರೆ ಪಾರ್ಲರಿಗೆ ಏನೂ ಗಿಟ್ಟುವುದಿಲ್ಲ, ಅಷ್ಟೆ.

ಹಿರಿಯರು ಇದೇ ಮಾತನ್ನು ಹೇಳುವುದಕ್ಕೆ ಕಾರಣ ಬೇರೆ. ಬೆಳಗಾವಿ, ಧಾರವಾಡದ ಕಡೆ ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಬಿಟ್ಟ ಜಟೆಯನ್ನು ಅವರು ನೋಡಿರುತ್ತಾರೆ. ಅದು ತಾನಾಗಿ ಗಂಟುಕಟ್ಟಿ, ಭಂಡಾರ, ಎಣ್ಣೆ, ಧೂಳೆಲ್ಲ ಸೇರಿ, ಎಷ್ಟೋ ವರ್ಷ ಬಾಚಣಿಗೆ ಕಾಣದೆ ಒಂದೇ ಹಲಗೆಯಂತಾದ ಕೂದಲು. ಅದರಲ್ಲಿ ನೆತ್ತಿಯ ಸಮೀಪದ ಸ್ವಲ್ಪ ಭಾಗವನ್ನು ಬಿಟ್ಟರೆ ಉಳಿದದ್ದನ್ನು ಬಿಡಿಸುವುದು ನಿಜಕ್ಕೂ ಆಗದ ಕೆಲಸ. ಮಹಾರಾಷ್ಟ್ರದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತೆಯರು ಮನೆಯವರನ್ನು ಒಪ್ಪಿಸಿ ಇಂಥ ಜಟೆಗಳನ್ನು ತೆಗೆಯುವಾಗಲೂ ಕತ್ತರಿಯನ್ನೇ ಬಳಸುತ್ತಾರೆ. ನಿಮ್ಮದು ಬೆರಳು ಗಾತ್ರದ ಬಿಡಿಬಿಡಿ ಲಾಕ್‌ಗಳಾಗಿ, ಮನುಷ್ಯರ ಕೈಯಿಂದಲೇ ಕಟ್ಟಿದ್ದು. ಜಟೆ ತೆಗೆದರೆ ಕೇಡಾಗುತ್ತದೆ ಎಂದು ಮನೆಯಲ್ಲಿ ಯಾರಾದರೂ ಅಂಜಿದರೆ ಅವರಿಗೆ ಈ ವ್ಯತ್ಯಾಸವನ್ನು ಹೇಳಬಹುದು, ಆ ಜಟೆಯಾದರೂ ಕೂದಲಿನ ಗಂಟೇ ಹೊರತು ಬೇರೇನಲ್ಲ ಎಂಬುದನ್ನೂ ಸೇರಿಸಬಹುದು.

ಕೆಲಸ ಆರಂಭಿಸುವ ಮೊದಲು ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಈ ಲೆಕ್ಕ ಗೊತ್ತಿಲ್ಲದವರೇ ಅರ್ಧದಲ್ಲಿ ಹೆದರಿ ಕತ್ತರಿಸಿಕೊಳ್ಳುವುದು. ಮನುಷ್ಯರ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತವೆ. ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ, ಆ ಜಾಗದಲ್ಲಿ ಹೊಸವು ಹುಟ್ಟುತ್ತವೆ. ನಿತ್ಯ ತಲೆ ಬಾಚುವವರಲ್ಲಿ ಉದುರಿದ್ದು ಬಾಚಣಿಗೆಗೆ ಬರುತ್ತದೆ, ನಿಮ್ಮಲ್ಲಿ ಅದು ಲಾಕ್‌ನೊಳಗೇ ಸಿಕ್ಕಿಕೊಂಡು ಕೂತಿದೆ. ಐದು ವರ್ಷಕ್ಕೆ ಗುಣಿಸಿದರೆ 90 ಸಾವಿರದಿಂದ 1 ಲಕ್ಷ 80 ಸಾವಿರದವರೆಗೆ ಆಗುತ್ತದೆ. ಅದರಲ್ಲಿ ಒಂದಷ್ಟು ಜಾರಿ ಹೋಗಿದ್ದರೂ, ಬಿಡಿಸುವಾಗ ಮಡಿಲಲ್ಲಿ ಬೀಳುವ ಕೂದಲಿನ ರಾಶಿ ತಲೆಯಲ್ಲಿ ಉಳಿದ ಕೂದಲಿನಷ್ಟೇ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಆ ರಾಶಿಯ ಬಹುಪಾಲು ಎಂದೋ ಬುಡ ಬಿಟ್ಟ ಕೂದಲು; ನೀವು ಇಂದು ಕಳೆದುಕೊಳ್ಳುತ್ತಿರುವುದಲ್ಲ.

ಇದನ್ನು ನೀವೇ ಪರೀಕ್ಷಿಸಿಕೊಳ್ಳಬಹುದು. ಬಿದ್ದ ಕೂದಲೊಂದನ್ನು ಕಪ್ಪು ಬಟ್ಟೆಯ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ. ತಾನಾಗಿ ಉದುರಿದ ಕೂದಲಿನ ಒಂದು ತುದಿಯಲ್ಲಿ ಚಿಕ್ಕ ಬಿಳಿ ಚುಕ್ಕೆಯಂಥ ಬುಡ ಇರುತ್ತದೆ, ತುಂಡಾದ ಕೂದಲಿನಲ್ಲಿ ಅದು ಇರುವುದಿಲ್ಲ. ಉದ್ದನೆಯ, ಬಿಳಿ ಬುಡವಿರುವ ಕೂದಲು ಬರುತ್ತಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ. ಬುಡವಿಲ್ಲದ ಎರಡು ಮೂರು ಅಂಗುಲದ ತುಂಡುಗಳೇ ಹೆಚ್ಚಾಗತೊಡಗಿದರೆ ಕೈ ಬಿರುಸಾಗಿದೆ ಅಥವಾ ಕಂಡೀಶನರ್ ಒಣಗಿದೆ ಎಂದು ತಿಳಿದು ನಿಲ್ಲಿಸಿ.

ಕಂಡೀಶನರ್ ಯಾಕೆ ಬೇಕೆಂದರೆ, ಕೂದಲಿನ ಹೊರಪದರದಲ್ಲಿ ತುದಿಯ ಕಡೆಗೆ ಮುಖಮಾಡಿದ ಸೂಕ್ಷ್ಮ ಹುರುಪೆಗಳಿರುತ್ತವೆ. ಕುರಿಯ ಉಣ್ಣೆಯನ್ನು ಒದ್ದೆ ಮಾಡಿ ಉಜ್ಜಿದರೆ ಅದು ಹೇಗೆ ದಪ್ಪಗಟ್ಟುತ್ತದೆಯೋ ಹಾಗೆಯೇ ಇಲ್ಲಿಯೂ ಆ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಲಾಕ್ ಬಿಗಿಯಾಗುತ್ತದೆ. ಬರಿಯ ನೀರು ಕೂದಲನ್ನು ಉಬ್ಬಿಸಿ ಈ ಕಚ್ಚನ್ನು ಹೆಚ್ಚಿಸುತ್ತದೆ. ಮೇಲಾಗಿ ನೆನೆದ ಕೂದಲು ಹೆಚ್ಚು ಹಿಗ್ಗಿ ಸುಲಭವಾಗಿ ಹರಿಯುತ್ತದೆ. ಕಂಡೀಶನರಿನಲ್ಲಿರುವ ಸೆಟ್ರಿಮೋನಿಯಮ್ ಕ್ಲೋರೈಡ್, ಬೆಹೆಂಟ್ರಿಮೋನಿಯಮ್ ಕ್ಲೋರೈಡ್‌ನಂಥವು ಕೂದಲಿನ ಸವೆದ ಜಾಗಗಳಿಗೆ ಅಂಟಿಕೊಂಡು ಹುರುಪೆಗಳನ್ನು ಒರಗಿಸುತ್ತವೆ, ಡೈಮೆಥಿಕೋನ್ ಜಾರುವಿಕೆ ಕೊಡುತ್ತದೆ. ಬಾಟಲಿಯ ಹಿಂಬದಿಯಲ್ಲಿ ಈ ಹೆಸರುಗಳಿದ್ದರೆ ಸಾಕು, ದುಬಾರಿಯದೇ ಬೇಕೆಂದಿಲ್ಲ. ಆದರೆ ಧಾರಾಳವಾಗಿ ಬೇಕು. ಲೀಟರಿನ ಲೆಕ್ಕದಲ್ಲೇ ತಂದಿಟ್ಟುಕೊಳ್ಳಿ. ನಮ್ಮ ಕಡೆ ತಲೆಗೆ ಹಾಕುವ ದಾಸವಾಳದ ಎಲೆಯ ಗೊಂಪು ಕೂಡ ಒಳ್ಳೆಯ ಜಾರುವ ವಸ್ತುವೇ, ಆದರೆ ತೆಳು ಬಟ್ಟೆಯಲ್ಲಿ ಸೋಸದೆ ಹಾಕಿದರೆ ಎಲೆಯ ಚೂರುಗಳು ಲಾಕ್‌ನೊಳಗೆ ಸೇರಿ ಕೆಲಸವನ್ನು ಇಮ್ಮಡಿ ಮಾಡುತ್ತವೆ. ಸೀಗೆಪುಡಿಯನ್ನಂತೂ ಈ ದಿನಗಳಲ್ಲಿ ದೂರವಿಡಿ.

ಮೊದಲ ದಿನ ಶುಚಿ ಮಾಡುವುದಕ್ಕೇ ಮೀಸಲು. ಕಟ್ಟುವಾಗ ಮೇಣ ಹಚ್ಚಿದ್ದರೆ ಬಿಸಿನೀರಿಗೆ ಅದು ಹೋಗುವುದಿಲ್ಲ. ಜೇನುಮೇಣ ಕರಗಲು 62 ಡಿಗ್ರಿಗೂ ಮೀರಿದ ಶಾಖ ಬೇಕು, ಅಷ್ಟು ಬಿಸಿಯನ್ನು ನೆತ್ತಿ ತಡೆಯುವುದಿಲ್ಲ. ಉಗುರು ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಲಾಕ್‌ಗಳಿಗೆ ಹಿಂಡಿ ಹಿಂಡಿ ಕುಡಿಸಿ ರಾತ್ರಿ ಬಿಟ್ಟರೆ ಮೇಣ ಎಣ್ಣೆಯಲ್ಲಿ ಮೆತ್ತಗಾಗುತ್ತದೆ. ಕೊಬ್ಬರಿ ಎಣ್ಣೆ ಮಿನರಲ್ ಎಣ್ಣೆಯಂತೆ ಮೇಲಷ್ಟೇ ನಿಲ್ಲದೆ ಕೂದಲಿನೊಳಕ್ಕೂ ಇಳಿದು, ತೊಳೆಯುವಾಗ ಪ್ರೋಟೀನ್ ಕಳೆದುಹೋಗುವುದನ್ನು ತಗ್ಗಿಸುತ್ತದೆ. ಮರುದಿನ ಕಂಡೀಶನರ್ ಬೆರೆಯದ ಸಾದಾ ಶ್ಯಾಂಪೂವಿನಿಂದ ಎರಡು ಮೂರು ಸಲ, ಹಿಂಡಿದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಒಳಗಿನಿಂದ ಮುಗ್ಗು ವಾಸನೆ ಬಂದರೆ, ಮಳೆಗಾಲದ ಕರಾವಳಿಯಲ್ಲಿ ಇದು ಅಪರೂಪವಲ್ಲ, ಆ ಲಾಕ್‌ಗಳನ್ನೇ ಮೊದಲು ಬಿಡಿಸಿ. ದಪ್ಪ ಕಾಣಲೆಂದು ಕೃತಕ ಚೌರಿ ಸೇರಿಸಿದ್ದರೆ ಅದನ್ನು ಗುರುತಿಸಿ ಮೊದಲೇ ತೆಗೆದುಹಾಕಿ.

ಇನ್ನು ಕತ್ತರಿಯ ಮಾತು. ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರಿನಂತೆ, ವರ್ಷಕ್ಕೆ 12ರಿಂದ 15 ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾದರೆ ಈ ಐದು ವರ್ಷದಲ್ಲಿ ಬೆಳೆದದ್ದು 60–75 ಸೆಂಟಿಮೀಟರ್. ಅದಕ್ಕಿಂತ ಕೆಳಗಿರುವುದು ಲಾಕ್ ಕಟ್ಟಿಸುವ ಮೊದಲೇ ಇದ್ದ, ಹೆಚ್ಚು ಸವೆದ ಕೂದಲು. ತುದಿಯ ಮೂರು ನಾಲ್ಕು ಬೆರಳಗಲವನ್ನು ಕತ್ತರಿಸಿಬಿಡಿ ಎಂಬುದು ನನ್ನ ಸಲಹೆ, ಏಕೆಂದರೆ ಕ್ರೋಶಾ ಕಡ್ಡಿಯಿಂದ ತುದಿಯನ್ನು ಒಳಕ್ಕೆ ಮಡಚಿ ಮುಚ್ಚಿರುತ್ತಾರೆ, ಅದನ್ನು ಬಿಡಿಸುವುದರಲ್ಲೇ ಅತಿ ಹೆಚ್ಚು ಹೊತ್ತು ಹೋಗುತ್ತದೆ. ಕಳೆದುಕೊಂಡೆ ಎಂದು ಕೊರಗಬೇಡಿ. ಲಾಕ್‌ನಲ್ಲಿ ಕೂದಲು ಸುತ್ತಿ ಮಡಚಿಕೊಂಡಿರುವುದರಿಂದ ಬಿಡಿಸಿದ ಮೇಲೆ ಉದ್ದ ಮತ್ತೆ ಒಂದಷ್ಟು ಸಿಕ್ಕುತ್ತದೆ.

ಬಿಡಿಸಲು ಬೇಕಾದದ್ದು ಅಗಲ ಹಲ್ಲಿನ ಬಾಚಣಿಗೆ, ಉಕ್ಕಿನ ಬಾಲವಿರುವ ಟೇಲ್ ಕೋಂಬ್, ಮತ್ತು ಮೊನೆಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದ ದಬ್ಬಣ. ಸೀರಣಿಗೆಯನ್ನು ಹತ್ತಿರವೂ ತರಬೇಡಿ. ಕತ್ತಿನ ಹಿಂಭಾಗದ ಒಂದು ಲಾಕ್‌ನಿಂದ ಆರಂಭಿಸಿ; ಕೈ ಪಳಗುವವರೆಗೆ ಆಗುವ ಹಾನಿ ಅಲ್ಲಿ ಕಾಣುವುದಿಲ್ಲ. ಲಾಕ್ ತೊಟ್ಟಿಕ್ಕದಷ್ಟು ಮಾತ್ರ ತೇವವಾಗಿದ್ದು, ಕಂಡೀಶನರ್ ತುಂಬ ಹಚ್ಚಿರಬೇಕು. ತುದಿಯಿಂದ ಎರಡು ಬೆರಳು ಮೇಲಕ್ಕೆ ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಳ್ಳಿ, ಎಳೆತ ನೆತ್ತಿಗೆ ಮುಟ್ಟಬಾರದು. ದಬ್ಬಣದ ಮೊನೆಯನ್ನು ತುದಿಯಿಂದ ಅರ್ಧ ಬೆರಳು ಮೇಲೆ ಅಡ್ಡಲಾಗಿ ತೂರಿಸಿ, ಕೆಳಮುಖವಾಗಿ ಜಗ್ಗದೆ ಜಾರಿಸಿ. ನಾಲ್ಕಾರು ಎಳೆ ಸಡಿಲವಾಗುತ್ತವೆ. ಸ್ವಲ್ಪ ಪಕ್ಕದಲ್ಲಿ ಮತ್ತೆ ತೂರಿಸಿ. ಹೀಗೆ ಒಂದು ಬೆರಳಗಲ ಹಿಂಜಿದ ಮೇಲೆ ಬಾಚಣಿಗೆ ಹಾಕಿದರೆ ಸತ್ತ ಕೂದಲು ಸುಲಭವಾಗಿ ಕಳಚಿ ಬರುತ್ತದೆ, ಅದನ್ನು ಆಗಲೇ ತೆಗೆದುಹಾಕಿ. ಬಿಟ್ಟರೆ ಮತ್ತೆ ಸಿಕ್ಕಾಗುತ್ತದೆ. ಆಮೇಲೆ ಒಂದು ಬೆರಳು ಮೇಲಕ್ಕೆ ಹೋಗಿ. ಒಳಗೆ ಕಾಳಿನಂತೆ ಗಟ್ಟಿ ಗಂಟು ಸಿಕ್ಕಿದರೆ ಎಳೆಯಬೇಡಿ. ಗಂಟಿನ ನಡುವೆ ಮೊನೆಯಿಟ್ಟು ಸುತ್ತಲೂ ಅಗಲಿಸಿ, ಸುರುಳಿಯ ತುದಿ ತಾನಾಗಿ ಎದ್ದು ಕಾಣುತ್ತದೆ. ಬುಡದ ಹೊಸ ಬೆಳವಣಿಗೆ ಸಾಮಾನ್ಯವಾಗಿ ಸಡಿಲವಾಗಿರುತ್ತದೆ, ಆದರೆ ನಡುನಡುವೆ ಬುಡದಲ್ಲಿ ತೂರಿಸಿ ಬಿಗಿ ಮಾಡಿಸಿಕೊಂಡಿದ್ದರೆ ಅಲ್ಲಿ ತಾಳ್ಮೆ ಬೇಕು.

ಕ್ರೋಶಾ ಮಾಡಿದ ಒಂದು ಲಾಕ್‌ಗೆ ಒಬ್ಬರಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಕಡ್ಡಿ ಬಳಸದೆ ಬರೀ ತುದಿಯಿಂದ ಬುಡದ ಕಡೆಗೆ ಹಿಮ್ಮುಖವಾಗಿ ಬಾಚಿ ಕಟ್ಟಿದ್ದಾದರೆ ಅದರ ಅರ್ಧ. ನಿಮ್ಮ ತಲೆಯಲ್ಲಿ 50 ಲಾಕ್ ಇದ್ದರೆ ಏನಿಲ್ಲವೆಂದರೂ ಒಬ್ಬರ 40 ಗಂಟೆಯ ಕೆಲಸ. ಒಂದೇ ಸಲಕ್ಕೆ ಕೂರಬೇಡಿ. ಅಕ್ಕಪಕ್ಕದಲ್ಲಿ ಇಬ್ಬರು ಕೂತು ದಿನಕ್ಕೆ ಎರಡು ಮೂರು ಗಂಟೆ ಮಾಡಿದರೆ ನೆತ್ತಿಯೂ ತಾಳುತ್ತದೆ, ಕೈಯೂ ತಾಳುತ್ತದೆ. ಬಿಡಿಸಿ ಮುಗಿದ ಪ್ರತಿಯೊಂದು ಎಳೆಗುಂಪನ್ನೂ ತೊಳೆದು ಸಡಿಲವಾಗಿ ಹೆಣೆದು ರಬ್ಬರ್ ಹಾಕಿಡಿ, ಇಲ್ಲದಿದ್ದರೆ ರಾತ್ರಿ ದಿಂಬಿನ ಉಜ್ಜಿಗೆ ಪಕ್ಕದ ಲಾಕ್‌ಗೆ ಮತ್ತೆ ಸುತ್ತಿಕೊಳ್ಳುತ್ತದೆ. ಪಾರ್ಲರಿಗೆ ವಹಿಸುವುದಾದರೆ ಗಂಟೆಯ ಲೆಕ್ಕದಲ್ಲಿ ಕೂಲಿ ಮಾತಾಡಿಕೊಳ್ಳಿ. ಇಡೀ ತಲೆಗೆ ಒಟ್ಟು ಮೊತ್ತ ಒಪ್ಪಿಕೊಂಡರೆ ಕೊನೆಯ ದಿನಗಳಲ್ಲಿ ಕತ್ತರಿ ಹೊರಗೆ ಬರುವ ಸಂಭವ ಹೆಚ್ಚು.

ಬಿಡಿಸಿ ಮುಗಿದ ದಿನ ಕನ್ನಡಿಯಲ್ಲಿ ಕಾಣುವ ಕೂದಲು ತೆಳ್ಳಗೆ ಕಾಣುತ್ತದೆ, ತುದಿಯಲ್ಲಂತೂ ಇನ್ನೂ ತೆಳ್ಳಗೆ. ಒಂದೊಂದು ಕೂದಲಿನ ಬೆಳವಣಿಗೆಯ ಅವಧಿ ಎರಡರಿಂದ ಆರು ವರ್ಷ ಮಾತ್ರವಾದ್ದರಿಂದ ಸೊಂಟದವರೆಗೆ ತಲುಪಿದ್ದು ಎಲ್ಲ ಕೂದಲೂ ಅಲ್ಲ. ಇಷ್ಟು ದಿನ ಲಾಕ್‌ಗೆ ದಪ್ಪ ಕೊಟ್ಟದ್ದು ಉದುರಿದ ಕೂದಲೇ. ಕೂಡಲೇ ದಪ್ಪ ಕಾಣಲೆಂದು ಬಣ್ಣ, ಸ್ಟ್ರೇಟ್ನಿಂಗ್, ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿಸಿಕೊಳ್ಳಬೇಡಿ. ಕನಿಷ್ಠ ಮೂರು ತಿಂಗಳು ಕಾಯಿರಿ. ಮದುವೆಯ ದಿನಕ್ಕೂ ಇಸ್ತ್ರಿಯ ಶಾಖ ಬೇಡ. ಸಡಿಲವಾದ ಒಂದೇ ಜಡೆ ಹೆಣೆಸಿ ಮಲ್ಲಿಗೆ ಮುಡಿದರೆ ತುದಿಯ ತೆಳುವು ಯಾರ ಕಣ್ಣಿಗೂ ಬೀಳುವುದಿಲ್ಲ. ಡಿಸೆಂಬರಿಗೆಂದರೆ ದೀಪಾವಳಿಗೆ ಮೊದಲೇ ಬಿಡಿಸುವ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು, ತುದಿಯನ್ನು ಸಮ ಮಾಡಿಸಲು ಆಗ ಸಮಯ ಉಳಿಯುತ್ತದೆ.

ಹಣೆಯ ಅಂಚನ್ನೂ ಕಿವಿಯ ಮೇಲ್ಭಾಗವನ್ನೂ ಒಮ್ಮೆ ಗಮನವಿಟ್ಟು ನೋಡಿಕೊಳ್ಳಿ. ಲಾಕ್‌ಗಳ ಭಾರ ಮತ್ತು ಬಿಗಿತದಿಂದ ಅಲ್ಲಿ ಕೂದಲು ಹಿಂದೆ ಸರಿದಿದ್ದರೆ ಅದು ಬಿಡಿಸಿದ್ದರಿಂದ ಆದದ್ದಲ್ಲ, ವರ್ಷಗಳ ಎಳೆತದಿಂದ ಆದದ್ದು. ಆರಂಭದ ಹಂತದಲ್ಲಾದರೆ ಎಳೆತ ನಿಂತ ಮೇಲೆ ಮತ್ತೆ ಬೆಳೆಯುತ್ತದೆ. ಕೂದಲಿನ ಬುಡದ ಗುಳಿಗಳೇ ಕಾಣದೆ ಚರ್ಮ ನುಣುಪಾಗಿದ್ದರೆ ಎಣ್ಣೆ, ಈರುಳ್ಳಿ ರಸ ಎಂದು ದಿನ ಕಳೆಯದೆ ಚರ್ಮರೋಗ ತಜ್ಞರನ್ನು ಕಾಣಿರಿ.