ಮಗನ ಫೋನು ಯಾವಾಗ ಬರುತ್ತದೆ?

ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಬೇರೆ ಓದುಗರಿಗಾಗಿ ವಿಷಯ ಇಷ್ಟು ಹೇಳುತ್ತೇನೆ. ನೀವು ದಾವಣಗೆರೆಯವರು, ಈಗ ಇರುವುದು ಡಲ್ಲಾಸ್ ಹತ್ತಿರ. 19 ವರ್ಷದ ಮಗ ಕಾಲೇಜನ್ನು ಒಂದೇ ವರ್ಷಕ್ಕೆ ಬಿಟ್ಟು ಅಮೆರಿಕದ ನೌಕಾಪಡೆ ಸೇರಿದ. ಮನೆಯಲ್ಲಿ ದೊಡ್ಡ ಜಗಳ ಆಯಿತು. ಅವನು ಹೊರಟ ದಿನ ನೀವು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಆ ರಾತ್ರಿ ಒಂದು ಗಂಟೆಗೆ ಫೋನು ಬಂತು. ತಲುಪಿದೆ, ವಿಳಾಸ ಇರುವ ಪತ್ರ ಬರುತ್ತದೆ, ಬೈ. ಅಷ್ಟೇ, ಅದೂ ಇಂಗ್ಲಿಷಿನಲ್ಲಿ, ಇಪ್ಪತ್ತು ಸೆಕೆಂಡು. ಆಮೇಲೆ 23 ದಿನದಿಂದ ಸದ್ದಿಲ್ಲ. 'ಅಮ್ಮಾ ಅಂತ ಕೂಡ ಅನ್ನಲಿಲ್ಲ, ಇನ್ನೂ ನನ್ನ ಮೇಲೆ ಸಿಟ್ಟಿದೆಯಾ?' ಅಂತ ಕೇಳಿದ್ದೀರಿ.

ಮೊದಲು ಅದಕ್ಕೇ ಉತ್ತರ ಹೇಳಿಬಿಡುತ್ತೇನೆ. ಅದು ಸಿಟ್ಟಲ್ಲ. ಆ ಮಾತು ಅವನದಲ್ಲವೇ ಅಲ್ಲ. ತರಬೇತಿ ಕೇಂದ್ರಕ್ಕೆ ಬಂದಿಳಿದ ರಾತ್ರಿ ಪ್ರತಿಯೊಬ್ಬ ಹುಡುಗ, ಪ್ರತಿಯೊಬ್ಬ ಹುಡುಗಿಯೂ ಮನೆಗೆ ಒಂದು ಫೋನು ಮಾಡಬೇಕು. ಏನು ಹೇಳಬೇಕು ಅನ್ನೋದನ್ನೂ ಅಲ್ಲಿಯ ಅಧಿಕಾರಿಗಳೇ ಬರೆದುಕೊಟ್ಟಿರುತ್ತಾರೆ. ಅದನ್ನು ಓದಬೇಕು, ಇಡಬೇಕು. ಹಿಂದೆ ಸಾಲು ನಿಂತಿರುತ್ತದೆ, ಪಕ್ಕದಲ್ಲಿ ಯಾರೋ ಬೇಗ ಬೇಗ ಅಂತ ಕೂಗುತ್ತಿರುತ್ತಾರೆ. ನಿಮ್ಮ ಮಗ ಆ ಹೊತ್ತಿಗೆ ಬೆಳಗಿನಿಂದ ನಿದ್ದೆಯಿಲ್ಲದೆ, ವಿಮಾನ ಇಳಿದು ಬಸ್ಸು ಹತ್ತಿ, ಕೈಲಿದ್ದ ಸಾಮಾನೆಲ್ಲ ಒಪ್ಪಿಸಿ ನಿಂತಿದ್ದ. ನನ್ನ ಮಗನೂ ಹಾಗೇ ಮಾತಾಡಿದ್ದ. ನನಗೂ ಯಾರೋ ಬೇರೆ ಹುಡುಗ ಮಾತಾಡಿದ ಹಾಗೆ ಅನಿಸಿತ್ತು.

ಹೌದು, ನನ್ನ ಮಗನೂ ಅಲ್ಲಿಗೇ ಹೋಗಿದ್ದ, 2022ರಲ್ಲಿ. ಹಾಗಾಗಿ ಈ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಅವನಿರುವ ಜಾಗದ ಹೆಸರು ಗ್ರೇಟ್ ಲೇಕ್ಸ್. ಶಿಕಾಗೋದಿಂದ ಉತ್ತರಕ್ಕೆ, ಮಿಷಿಗನ್ ಸರೋವರದ ದಡದಲ್ಲಿ. 1911ರಲ್ಲಿ ಶುರುವಾದ ನೆಲೆ ಅದು. ಮೊದಲು ಸ್ಯಾನ್ ಡಿಯೇಗೋದಲ್ಲೂ ಒರ್ಲ್ಯಾಂಡೋದಲ್ಲೂ ಇಂಥ ತರಬೇತಿ ಇತ್ತು, ತೊಂಬತ್ತರ ದಶಕದಲ್ಲಿ ಎರಡನ್ನೂ ಮುಚ್ಚಿದರು. ಈಗ ನೌಕಾಪಡೆಗೆ ಸಾಮಾನ್ಯ ಸಿಪಾಯಿಯಾಗಿ ಸೇರುವವರೆಲ್ಲ ಇಲ್ಲಿಗೇ ಬರಬೇಕು. ನಿಮ್ಮ ಮಗ ಮೊದಲ ರಾತ್ರಿ ಕಾಲಿಟ್ಟ ಕಟ್ಟಡಕ್ಕೆ ಗೋಲ್ಡನ್ ಥರ್ಟೀನ್ ಅಂತ ಹೆಸರು. 1944ರಲ್ಲಿ ನೌಕಾಪಡೆಯ ಅಧಿಕಾರಿಗಳಾದ ಮೊದಲ ಹದಿಮೂರು ಮಂದಿ ಕಪ್ಪು ಜನರ ನೆನಪಿಗೆ ಇಟ್ಟಿದ್ದು. ಅವರು ತರಬೇತಿ ಪಡೆದದ್ದೂ ಇದೇ ಗ್ರೇಟ್ ಲೇಕ್ಸ್‌ನಲ್ಲಿ. ನಮ್ಮ ಹುಡುಗರು ಆ ಬಾಗಿಲಿಂದ ಒಳಗೆ ಹೋಗುತ್ತಾರೆ ಅನ್ನೋದು ನನಗೆ ಯಾಕೋ ತುಂಬ ಹಿಡಿಸಿದ ಸಂಗತಿ.

ಈಗ ಫೋನಿನ ವಿಷಯ. ಯಾವಾಗ ಬರುತ್ತದೆ? ದಿನ ಗೊತ್ತುಮಾಡಿ ಹೇಳೋಕೆ ಆಗಲ್ಲ, ಅಕ್ಕಾ. ನನ್ನ ಮಗ ಹೋದಾಗ ತರಬೇತಿ 10 ವಾರ ಇತ್ತು, 2025ರ ಜನವರಿಯಿಂದ 9 ವಾರ ಮಾಡಿದ್ದಾರೆ. ಅಷ್ಟೂ ದಿನದಲ್ಲಿ ಬರುವ ಫೋನುಗಳನ್ನು ಎಣಿಸೋಕೆ ಒಂದು ಕೈಬೆರಳು ಸಾಕು. ಅದನ್ನು ಅವರು ಗಳಿಸಿಕೊಳ್ಳಬೇಕು. ಎಂಬತ್ತು ತೊಂಬತ್ತು ಮಕ್ಕಳದ್ದು ಒಂದು ಡಿವಿಷನ್. ಇಡೀ ಡಿವಿಷನ್ನು ಚೆನ್ನಾಗಿ ನಡೆದುಕೊಂಡರೆ ಫೋನು ಸಿಗುತ್ತದೆ. ಪಕ್ಕದ ಡಿವಿಷನ್‌ನವರಿಗೆ ಈ ವಾರ ಸಿಕ್ಕಿತು, ಇವರಿಗೆ ಸಿಗಲಿಲ್ಲ ಅಂತಲೂ ಆಗುತ್ತದೆ. ನಿಮ್ಮ ಗೆಳತಿಯ ಅಣ್ಣನ ಮಗಳು ಮೂರನೇ ವಾರಕ್ಕೇ ಮಾತಾಡಿದಳು ಅಂತ ಬರೆದಿದ್ದೀರಲ್ಲ, ಅದನ್ನು ಇದರ ಜೊತೆ ಹೋಲಿಸಬೇಡಿ. ಅವಳ ಡಿವಿಷನ್ ಬೇರೆ, ಇವನದು ಬೇರೆ, ಅಷ್ಟೇ.

ಫೋನು ಬರಲಿಲ್ಲ ಅಂದರೆ ಏನೋ ಆಗಿದೆ ಅಂತ ಅರ್ಥ ಅಲ್ಲ. ಇದನ್ನು ನಾನು ತಡವಾಗಿ ಕಲಿತೆ. ಅಲ್ಲಿ ಸದ್ದಿಲ್ಲದಿರೋದೇ ಮಾಮೂಲು. ಅವನಿಗೇ ಏನಾದರೂ ಗಂಭೀರವಾಗಿ ಆದರೆ ಮನೆಯವರಿಗೆ ತಿಳಿಸುತ್ತಾರೆ. ಓಟದಲ್ಲೋ ಈಜಿನಲ್ಲೋ ಪಾಸಾಗದೆ ಹಿಂದಿನ ಡಿವಿಷನ್‌ಗೆ ಹಾಕಿದರೆ, ಅಲ್ಲಿಯವರ ಮಾತಿನಲ್ಲಿ ಆಸ್ಮೋ ಆದರೆ, ಸಾಮಾನ್ಯವಾಗಿ ಮಕ್ಕಳೇ ಮನೆಗೆ ಹೇಳುತ್ತಾರೆ. ಆದರೂ ಅದು ದೊಡ್ಡ ಆಪತ್ತಲ್ಲ, ತರಬೇತಿ ಮುಗಿಯೋದು ಒಂದೆರಡು ವಾರ ತಡ ಆಗುತ್ತದೆ. ಇನ್ನು ನಿಮ್ಮ ಕಡೆಯಿಂದ ಹೇಳಲೇಬೇಕಾದ ತುರ್ತು ಏನಾದರೂ ಇದ್ದರೆ, ಊರಲ್ಲಿ ಅಜ್ಜಿಗೆ ಹುಷಾರಿಲ್ಲ ಅಂದಿದ್ದೀರಲ್ಲ, ಅಂಥದ್ದಕ್ಕೆ ಅಮೆರಿಕನ್ ರೆಡ್ ಕ್ರಾಸ್‌ಗೆ ಹೇಳಬೇಕು. ಅವರು ಆಸ್ಪತ್ರೆಯಲ್ಲಿ ವಿಚಾರಿಸಿ, ನಿಜ ಅಂತ ಗೊತ್ತುಮಾಡಿಕೊಂಡು ಅಲ್ಲಿಗೆ ಸುದ್ದಿ ಮುಟ್ಟಿಸುತ್ತಾರೆ. ಮಗನ ಪೂರ್ತಿ ಹೆಸರು, ಹುಟ್ಟಿದ ದಿನ, ಡಿವಿಷನ್ ನಂಬರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ನನ್ನದೊಂದು ತಪ್ಪು ಹೇಳುತ್ತೇನೆ, ನಿಮಗೆ ಹಾಗಾಗದಿರಲಿ. ಗುರುತಿಲ್ಲದ ನಂಬರು ಬಂದರೆ ಸದ್ದು ಮಾಡಬಾರದು ಅಂತ ನನ್ನ ಫೋನಿನಲ್ಲಿ ಮೊದಲೇ ಹಾಕಿಟ್ಟಿದ್ದೆ. ಸಾಲ ಬೇಕಾ, ಕಾರಿಗೆ ವಾರಂಟಿ ಬೇಕಾ ಅಂತ ದಿನಾ ಹತ್ತು ಕರೆ ಬರುತ್ತವಲ್ಲ, ಅದಕ್ಕೆ. ಆಮೇಲೆ ಮರೆತೇ ಹೋಯಿತು. ಒಂದು ಭಾನುವಾರ ಇಂಡಿಯನ್ ಅಂಗಡಿಯಲ್ಲಿ ಕರಿಬೇವು, ಹುರಳಿಕಾಯಿ ಆರಿಸಿಕೊಂಡು ದುಡ್ಡು ಕೊಡೋಕೆ ನಿಂತಿದ್ದೆ. ಫೋನು ಬ್ಯಾಗಿನಲ್ಲೇ ಇತ್ತು. ಕಾರಿಗೆ ಬಂದು ನೋಡಿದರೆ ಮೂರು ಕರೆ, ಒಂದು ವಾಯ್ಸ್ ಮೆಸೇಜು. 'ಅಮ್ಮಾ, ನಾನೇ. ಪರವಾಗಿಲ್ಲ, ಮುಂದಿನ ಸಲ ಮಾಡ್ತೀನಿ.' ಗಂಟಲು ಕಟ್ಟಿಹೋಗಿತ್ತು ಅವನಿಗೆ. ಹಿಂದೆ ಯಾರೋ ನಂಬರು ಕೂಗುತ್ತಿದ್ದರು. ನಾನು ಆ ನಂಬರಿಗೆ ವಾಪಸು ಮಾಡಿದೆ, ಹೋಗಲಿಲ್ಲ. ಕಾರಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ, ಮನೆಗೆ ಬರುವಷ್ಟರಲ್ಲಿ ಚೀಲದಲ್ಲಿದ್ದ ಕೊತ್ತಂಬರಿ ಬಾಡಿಹೋಗಿತ್ತು. ಮುಂದಿನ ಫೋನಿಗೆ ಹದಿನಾರು ದಿನ ಕಾದೆ.

ಹಾಗಾಗಿ ಇವತ್ತೇ ನಿಮ್ಮ ಫೋನು ತೆಗೆದು ಆ ಸೆಟ್ಟಿಂಗು ನೋಡಿ. ಯಜಮಾನರ ಫೋನಿನಲ್ಲೂ ನೋಡಿ. ಅವನ ನಂಬರಿಂದಲೇ ಬರಬಹುದು, ಯಾವುದೋ ನಂಬರಿಂದಲೂ ಬರಬಹುದು. ಭಾನುವಾರ ಅಲ್ಲಿ ಸ್ವಲ್ಪ ಬಿಡುವು, ಆದರೆ ಭಾನುವಾರವೇ ಬರಬೇಕು ಅಂತಿಲ್ಲ. ಹಾಗಂತ ಮನೆ ಬಿಟ್ಟು ಹೊರಗೇ ಹೋಗದೆ ಕೂರಬೇಡಿ. ಕೆಲಸಕ್ಕೆ ರಜೆ ಹಾಕಿ ಕೂತಿದ್ದೇನೆ ಅಂತ ಬರೆದಿದ್ದೀರಿ, ಅದು ಬೇಡ. ಫೋನನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.

ಫೋನಿನಲ್ಲಿ ಏನು ಮಾತಾಡಲಿ ಅಂತ ಕೇಳಿದ್ದೀರಿ. ಮೊದಲು ಅವನೇ ಮಾತಾಡಲಿ. ಧ್ವನಿ ಒಡೆದಿರುತ್ತದೆ, ಕೆಮ್ಮು ಇರುತ್ತದೆ, ಗಾಬರಿಯಾಗಬೇಡಿ. ಒಂದೇ ದೊಡ್ಡ ಕೋಣೆಯಲ್ಲಿ ಅಷ್ಟು ಜನ ಮಲಗುತ್ತಾರೆ, ದಿನವಿಡೀ ಕೂಗಿ ಕೂಗಿ ಉತ್ತರ ಕೊಡಬೇಕು, ಎಲ್ಲರಿಗೂ ಆ ಕೆಮ್ಮು ಬಂದೇ ಬರುತ್ತದೆ. ಅಳು ಬಂದರೆ ಅತ್ತುಬಿಡಿ. ಆದರೆ ಜಗಳದ ಮಾತನ್ನೆಲ್ಲ ಆ ಫೋನಿಗೆ ಅಂತ ಎತ್ತಿಡಬೇಡಿ. ನಿಮ್ಮ ಪತ್ರ ಓದಿದಾಗ ನನಗೆ ಹೆದರಿಕೆಯಾದದ್ದು ಅದೊಂದಕ್ಕೇ. ಫೋನು ಬಂದಾಗ ಎಲ್ಲ ಹೇಳಿಬಿಡ್ತೀನಿ ಅಂತ ಬರೆದಿದ್ದೀರಿ. ಅಷ್ಟು ಜಾಗ ಆ ಫೋನಿನಲ್ಲಿ ಇರಲ್ಲ, ಅಕ್ಕಾ. ಸುತ್ತ ಎಂಬತ್ತು ಮಕ್ಕಳು, ಎಲ್ಲರೂ ಒಟ್ಟಿಗೆ ಮಾತಾಡುತ್ತಿರುತ್ತಾರೆ. ಅವನು ಗಡಿಯಾರ ನೋಡುತ್ತಿರುತ್ತಾನೆ. ನೀವು ಕ್ಷಮಿಸು ಅನ್ನುವಷ್ಟರಲ್ಲಿ ಲೈನು ಕಟ್ಟಾದರೆ ಇಬ್ಬರಿಗೂ ಇನ್ನೂ ಕಷ್ಟ.

ಅದು ಕಾಗದದಲ್ಲಿ ಹೋಗಬೇಕಾದ ಮಾತು. ವಿಳಾಸ ಇರುವ ಪತ್ರ ಬಂದು ನಾಲ್ಕು ದಿನ ಆಯಿತು, ಫ್ರಿಜ್ಜಿಗೆ ಅಂಟಿಸಿದ್ದೇನೆ, ಇಂಗ್ಲಿಷಿನಲ್ಲಿ ಬರೆಯೋಕೆ ಬರಲ್ಲ, ಅವನಿಗೆ ಕನ್ನಡ ಓದೋಕೆ ಬರಲ್ಲ ಅಂದಿದ್ದೀರಿ. ವಾಟ್ಸಾಪಿನಲ್ಲಿ ಅವನಿಗೆ ಹೇಗೆ ಬರೆಯುತ್ತಿದ್ದಿರಿ? ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಅಲ್ವಾ? ಹಾಗೇ ಬರೆಯಿರಿ. 'ಊಟ ಆಯ್ತಾ, ಚಳಿ ಜಾಸ್ತಿ ಇದೆಯಾ' ಅಂತ ಅವನು ಓದುವಾಗ ನಿಮ್ಮ ಧ್ವನಿಯೇ ಕೇಳಿಸುತ್ತದೆ. ಸಾದಾ ಬಿಳಿ ಕವರು ಸಾಕು. ಬಣ್ಣ, ಸ್ಟಿಕ್ಕರು, ಹೊಳೆಯೋದು ಏನೂ ಬೇಡ, ಎಲ್ಲರ ಕಣ್ಣೂ ಅವನ ಮೇಲೆ ಬೀಳುತ್ತದೆ. ತಿಂಡಿ ಕಳಿಸಬೇಡಿ, ಅವನ ಕೈಗೆ ಸಿಗಲ್ಲ. ಡಿವಿಷನ್ ನಂಬರನ್ನು ದಪ್ಪಗೆ ಬರೆಯಿರಿ.

ಮನೆಯ ಸಣ್ಣಪುಟ್ಟ ಸಂಗತಿ ಎಲ್ಲ ಬರೆಯಿರಿ. ನನ್ನ ಮಗ ಮತ್ತೆ ಮತ್ತೆ ಓದಿದ್ದು ಅವರಪ್ಪ ವಾಷಿಂಗ್ ಮೆಷಿನ್ ಬಿಚ್ಚಿ ಎರಡು ದಿನ ಒದ್ದಾಡಿದ ಕತೆಯನ್ನಂತೆ. ನನ್ನ ಬುದ್ಧಿಮಾತಿನ ಕಾಗದಗಳನ್ನು ಒಂದೇ ಸಲ ಓದಿ ಮಡಚಿಟ್ಟಿದ್ದ. ನನ್ನ ದೊಡ್ಡಮ್ಮನ ಮಗ ಒಡಿಶಾದ ಐಎನ್‌ಎಸ್ ಚಿಲ್ಕಾಕ್ಕೆ ನಮ್ಮ ನೌಕಾಪಡೆಯ ತರಬೇತಿಗೆ ಹೋಗಿದ್ದಾಗ ಮನೆಯಲ್ಲಿ ಫೋನೇ ಇರಲಿಲ್ಲ. ದೊಡ್ಡಮ್ಮ ಇನ್‌ಲ್ಯಾಂಡ್ ಲೆಟರಿನ ಅಂಚಿನವರೆಗೂ, ಅಂಟು ಹಚ್ಚುವ ಜಾಗದಲ್ಲೂ ಬರೆಯೋರು. ಎಮ್ಮೆ ಕರು ಹಾಕಿದ್ದು, ಬಾವಿ ನೀರು ಇಳಿದದ್ದು, ಅಂಥದ್ದೇ. ಅವನು ರಿಟೈರಾಗಿ ಬಂದಾಗ ಟ್ರಂಕಿನಲ್ಲಿ ಅವೆಲ್ಲ ಇದ್ದವು.

ಕೊನೆಯಲ್ಲಿ ಒಂದು ಫೋನು ಬರುತ್ತದೆ, ಅದು ಬೇರೆ ಥರ. ತರಬೇತಿ ಮುಗಿಯುವ ಹೊತ್ತಿಗೆ ಬ್ಯಾಟಲ್ ಸ್ಟೇಷನ್ಸ್ ಅಂತ ರಾತ್ರಿಯಿಡೀ ಒಂದು ಪರೀಕ್ಷೆ ಇದೆ. ಕಟ್ಟಡದ ಒಳಗೆ 210 ಅಡಿ ಉದ್ದದ ನಕಲಿ ಯುದ್ಧನೌಕೆ ಕಟ್ಟಿದ್ದಾರೆ, ಟ್ರೇಯರ್ ಅಂತ ಹೆಸರು. ಅದರಲ್ಲಿ ಬೆಂಕಿ, ನೀರು ನುಗ್ಗೋದು, ಗಾಯಾಳುಗಳನ್ನು ಹೊತ್ತು ತರೋದು, ಎಲ್ಲ ಮಾಡಿಸುತ್ತಾರೆ. ಬೆಳಗಾದ ಮೇಲೆ 'ರಿಕ್ರೂಟ್' ಅಂತ ಬರೆದ ಟೋಪಿ ತೆಗೆಸಿ 'ನೇವಿ' ಅಂತ ಬರೆದ ಟೋಪಿ ಕೊಡುತ್ತಾರೆ. ಅದಾದ ಮೇಲೆ ನಾನೀಗ ಸೇಲರ್ ಅಂತ ಮನೆಗೆ ಫೋನು ಮಾಡುತ್ತಾರೆ. ಆ ಫೋನಿನಲ್ಲಿ ಅವರು ಬರೆದುಕೊಟ್ಟಿದ್ದನ್ನು ಓದಲ್ಲ. ತರಬೇತಿ ಮುಗಿಸಿದವರ ಪದವಿ ಸಮಾರಂಭದ ದಿನ ನೇರ ಪ್ರಸಾರ ಇರುತ್ತದೆ, ದಾವಣಗೆರೆಯಲ್ಲಿ ಅಜ್ಜಿಗೂ ತೋರಿಸಬಹುದು.

ಅದಕ್ಕೆ ಇನ್ನೂ ವಾರಗಳಿವೆ. ಕಾಗದ ಇವತ್ತು ರಾತ್ರಿಯೇ ಬರೆಯಿರಿ, ಹೋಗಿ ತಲುಪೋಕೆ ಕೆಲವು ದಿನ ಬೇಕು. ಹೇಗೆ ಶುರು ಮಾಡೋದು ಅಂತ ಯೋಚನೆ ಬೇಡ. ನಿಮ್ಮ ಪತ್ರದ ಕೊನೆಯ ಪುಟದಲ್ಲಿ ಅಂಚಿಗೆ ಚಿಕ್ಕದಾಗಿ ಬರೆದಿದ್ದೀರಲ್ಲ, ಅಲ್ಲಿಂದ ಶುರು ಮಾಡಿ. ಅವತ್ತು ಅಡುಗೆಮನೆಯಲ್ಲಿ ಸಿಟ್ಟು ಮಾಡಿಕೊಂಡು ನಿಂತಿರಲಿಲ್ಲ, ಅವನಿಗೆ ದಾರಿಗೆ ಅಂತ ಮಂಡಕ್ಕಿಗೆ ಒಗ್ಗರಣೆ ಹಾಕ್ತಾ ಇದ್ದೆ, ಡಬ್ಬಿಗೆ ತುಂಬೋಷ್ಟರಲ್ಲಿ ಕಾರು ಹೋಗಿಬಿಟ್ಟಿತ್ತು ಅಂತ. ಅದು ಅವನಿಗೆ ಗೊತ್ತಿಲ್ಲ, ಅಕ್ಕಾ.