‘ಡಾರ್ಕ್’ ಮುಗಿಸಿದ ಮೇಲೆ ಯಾವ ಜರ್ಮನ್ ಥ್ರಿಲ್ಲರ್ ನೋಡಲಿ?

‘ಡಾರ್ಕ್’ ಸರಣಿ ನೋಡಿ ಮುಗಿಸಿದ್ದೀರಿ. ಹಳೆಯ ಅಪರಾಧವನ್ನು ಮುಚ್ಚಿಟ್ಟುಕೊಂಡು ಬದುಕುವ ಗಂಡಸಿನ ಬಗ್ಗೆ ಒಂದು ಒಳ್ಳೆಯ ಜರ್ಮನ್ ಸೈಕಲಾಜಿಕಲ್ ಥ್ರಿಲ್ಲರ್ ಬೇಕು, ಕಪ್ಪು ಬಿಳುಪಾದರೂ ಪರವಾಗಿಲ್ಲ ಅಂದಿದ್ದೀರಿ. ಹಾಗಾದರೆ ಯೋಚನೆಯೇ ಬೇಡ, 1951ರ ‘ಡೇರ್ ಫೆರ್ಲೋರನೆ’ ನೋಡಿ. ‘ಕಳೆದುಹೋದವನು’ ಅಂತ ಅರ್ಥ.

ಇದು ಪೀಟರ್ ಲೋರ್ ನಿರ್ದೇಶಿಸಿದ ಒಂದೇ ಒಂದು ಸಿನಿಮಾ. ಹೆಸರು ನೆನಪಾಗದಿದ್ದರೂ ಮುಖ ನೋಡಿರುತ್ತೀರಿ. ಫ್ರಿಟ್ಸ್ ಲಾಂಗ್ ಅವರ 1931ರ ‘ಎಮ್’ನಲ್ಲಿ ಮಕ್ಕಳನ್ನು ಕೊಲ್ಲುವವನಾಗಿ ನಟಿಸಿದ ನಟ. ‘ಕಾಸಾಬ್ಲಾಂಕಾ’ದಲ್ಲೂ ಇದ್ದಾರೆ. ಲೋರ್ ಯಹೂದಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಜರ್ಮನಿ ಬಿಟ್ಟು ಆಮೇಲೆ ಅಮೆರಿಕ ಸೇರಿದವರು, ಯುದ್ಧ ಮುಗಿದ ಮೇಲೆ ವಾಪಸ್ ಬಂದು ಈ ಸಿನಿಮಾ ಮಾಡಿದರು. ಚಿತ್ರಕಥೆಯಲ್ಲಿ ಅವರ ಕೈಯಿದೆ, ಮುಖ್ಯ ಪಾತ್ರವೂ ಅವರದೇ.

ಯುದ್ಧ ಮುಗಿದಿದೆ. ನಿರಾಶ್ರಿತರ ಶಿಬಿರವೊಂದರಲ್ಲಿ ಡಾಕ್ಟರ್ ನಾಯ್‌ಮೈಸ್ಟರ್ ಅಂತ ಒಬ್ಬ ಇದ್ದಾನೆ. ಮಾತು ಕಡಿಮೆ. ಸಾಲಲ್ಲಿ ನಿಂತ ಜನಕ್ಕೆ ಚುಚ್ಚುಮದ್ದು ಹಾಕುತ್ತಾನೆ, ಸಿಗರೇಟ್ ಸೇದುತ್ತಾನೆ. ಒಂದು ದಿನ ಅವನ ಕೈಕೆಳಗೆ ಕೆಲಸ ಮಾಡಲು ಹೊಸಬ ಬರುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ, ಅಷ್ಟೇ. ಇಬ್ಬರ ಹೆಸರೂ ಸುಳ್ಳು ಅಂತ ನಮಗೆ ಗೊತ್ತಾಗಿಬಿಡುತ್ತದೆ. ಡಾಕ್ಟರನ ನಿಜವಾದ ಹೆಸರು ಕಾರ್ಲ್ ರೋಥೆ. ಬಂದವನು ಹೋಶ್, ಹಳೆಯ ಪ್ರಯೋಗಾಲಯದ ಸಹೋದ್ಯೋಗಿ, ನಾಜಿಗಳ ರಹಸ್ಯ ಪೊಲೀಸ್ ಪಡೆ ಗೆಸ್ಟಾಪೋ ಜೊತೆ ಕೈಜೋಡಿಸಿದ್ದವನು. ಆ ರಾತ್ರಿ ಕ್ಯಾಂಟೀನ್ ಖಾಲಿಯಾದ ಮೇಲೆ ಇಬ್ಬರೂ ಕುಡಿಯುತ್ತಾ ಕೂರುತ್ತಾರೆ. ಹಿಂದಿನದ್ದೆಲ್ಲ ಆ ಮೇಜಿನ ಮೇಲೇ ಹೊರಗೆ ಬರುತ್ತದೆ.

1943, ಹ್ಯಾಂಬರ್ಗ್. ರೋಥೆ ವಿಜ್ಞಾನಿ, ಅವನ ಸಂಶೋಧನೆ ಸರ್ಕಾರಕ್ಕೆ ಬೇಕಾದದ್ದು. ಅವನು ಮದುವೆಯಾಗಬೇಕಿದ್ದ ಇಂಗೆ ಆ ಸಂಶೋಧನೆಯ ವಿವರವನ್ನು ಶತ್ರುಗಳಿಗೆ ಮುಟ್ಟಿಸುತ್ತಿದ್ದಾಳೆ ಅಂತ ಹೋಶ್ ಮತ್ತು ಒಬ್ಬ ಸೇನಾ ಗುಪ್ತಚರ ಅಧಿಕಾರಿ ಬಂದು ಹೇಳುತ್ತಾರೆ. ಹೋಶ್‌ಗೂ ಅವಳಿಗೂ ಸಂಬಂಧ ಇತ್ತು ಅನ್ನುವುದೂ ಆಗಲೇ ಬಯಲಾಗುತ್ತದೆ. ರೋಥೆ ಅವಳ ಕತ್ತು ಹಿಸುಕಿ ಕೊಲ್ಲುತ್ತಾನೆ.

ಇಲ್ಲಿಯವರೆಗೆ ಇದು ಎಲ್ಲ ಥ್ರಿಲ್ಲರ್‌ಗಳ ಹಾಗೆಯೇ. ಮುಂದಿನದನ್ನು ಗಮನಿಸಿ. ಅವನನ್ನು ಯಾರೂ ಬಂಧಿಸುವುದಿಲ್ಲ. ಇಂಥ ವಿಜ್ಞಾನಿಯನ್ನು ಕಳೆದುಕೊಳ್ಳಲು ಆಡಳಿತಕ್ಕೆ ಇಷ್ಟವಿಲ್ಲ, ಹಾಗಾಗಿ ಕೊಲೆಯನ್ನು ಅವರೇ ಮುಚ್ಚಿಹಾಕುತ್ತಾರೆ. ರೋಥೆ ಮತ್ತೆ ಅದೇ ಪ್ರಯೋಗಾಲಯಕ್ಕೆ ಹೋಗಬೇಕು. ಮಗಳನ್ನು ಕಳೆದುಕೊಂಡ ತಾಯಿಯ ಕಣ್ಣೆದುರೇ ಓಡಾಡಬೇಕು. ಮಾಡಿದ್ದಕ್ಕೆ ಶಿಕ್ಷೆ ಸಿಗದೇ ಹೋದದ್ದೇ ಅವನನ್ನು ಒಳಗಿನಿಂದ ಕೊಳೆಸುತ್ತದೆ. ಮತ್ತೆ ಕೊಲ್ಲಬೇಕು ಅನ್ನುವ ತುಡಿತ ಹುಟ್ಟುತ್ತದೆ. ಅಪರಾಧಿ ತನ್ನ ಗುಟ್ಟನ್ನು ಕಾಪಾಡಿಕೊಳ್ಳಲು ಒದ್ದಾಡುವ ಕಥೆಗಳು ಬೇಕಾದಷ್ಟಿವೆ. ಇಲ್ಲಿ ಗುಟ್ಟನ್ನು ಕಾಪಾಡುತ್ತಿರುವುದು ಸರ್ಕಾರ. ಅದಕ್ಕೇ ಈ ಸಿನಿಮಾ ಬೇರೆಯೇ ಮಟ್ಟದ್ದು ಅಂತ ನಾನು ಖಂಡಿತ ಹೇಳುತ್ತೇನೆ.

ಒಂದು ದೃಶ್ಯ ಹೇಳಲೇಬೇಕು. ರಾತ್ರಿ ಬೀದಿಯಲ್ಲಿ ಸಿಕ್ಕ ವೇಶ್ಯೆಯೊಬ್ಬಳ ಹಿಂದೆ ರೋಥೆ ಅವಳ ಮನೆಯ ಮೆಟ್ಟಿಲು ಹತ್ತುತ್ತಾನೆ. ಅವಳು ಅವನ ಮುಖ ನೋಡುತ್ತಾಳೆ. ಅವನು ಅವಳನ್ನು ಮುಟ್ಟಿಯೂ ಇಲ್ಲ, ಬೆದರಿಸಿಯೂ ಇಲ್ಲ. ಆದರೂ ಅವಳು ‘ಕೊಲೆಗಾರ’ ಅಂತ ಕಿರುಚಿಕೊಳ್ಳುತ್ತಾಳೆ. ಪೊಲೀಸರು, ಅಧಿಕಾರಿಗಳು ಎಲ್ಲರೂ ಸೇರಿ ಮುಚ್ಚಿಟ್ಟದ್ದನ್ನು ಅವಳು ಆ ಕಣ್ಣುಗಳಲ್ಲೇ ಓದಿಬಿಟ್ಟಳು! ಲೋರ್ ಅಭಿನಯದಲ್ಲಿ ಅಬ್ಬರ ಅನ್ನುವುದೇ ಇಲ್ಲ. ಮೆಲುದನಿ, ಸ್ವಲ್ಪ ಬಾಗಿದ ಬೆನ್ನು, ಬೆರಳ ಸಂದಿಯ ಸಿಗರೇಟ್. ಇದಾದ ಮೇಲೆ ವಾಯುದಾಳಿಯ ಸೈರನ್ ಕೂಗಿ ರೈಲು ನಿಂತಾಗ ನಡೆಯುವುದನ್ನು ನೀವೇ ನೋಡಿ.

1951ರ ಪಶ್ಚಿಮ ಜರ್ಮನಿಯಲ್ಲಿ ಇದು ಓಡಲಿಲ್ಲ. ಹಸಿರು ಬೆಟ್ಟ, ಹಳ್ಳಿ, ಪ್ರೀತಿ, ಹಾಡು ಇರುವ ‘ಹೈಮಾಟ್’ ಸಿನಿಮಾಗಳಿಗೆ ಜನ ಮುಗಿಬೀಳುತ್ತಿದ್ದ ಕಾಲ ಅದು. ನಾಜಿ ಕಾಲದ ಅಪರಾಧಿಗಳು ಹೊಸ ಹೆಸರಿಟ್ಟುಕೊಂಡು ನಿಮ್ಮ ನಡುವೆಯೇ ಇದ್ದಾರೆ ಅಂತ ತೋರಿಸುವ ಸಿನಿಮಾ ಆಗ ಯಾರಿಗೆ ಬೇಕಿತ್ತು? ಲೋರ್ ಅಮೆರಿಕಕ್ಕೆ ವಾಪಸ್ ಹೋದರು. 1964ರಲ್ಲಿ ತೀರಿಕೊಳ್ಳುವವರೆಗೂ ಇನ್ನೊಂದು ಸಿನಿಮಾ ನಿರ್ದೇಶಿಸಲಿಲ್ಲ. ಇದು ನನಗೆ ಈಗಲೂ ಸಂಕಟ ಕೊಡುವ ವಿಷಯ.

ಹೊಸದೇ ಬೇಕು ಅಂದರೆ 2010ರ ‘ದಿ ಸೈಲೆನ್ಸ್’ ಇದೆ, ಜರ್ಮನ್ ಹೆಸರು ‘ಡಾಸ್ ಲೆಟ್ಸ್‌ಟೆ ಶ್ವೈಗನ್’. ನಿಮ್ಮ ‘ಡಾರ್ಕ್’ ನಿರ್ದೇಶಿಸಿದ ಬಾರಾನ್ ಬೋ ಓಡಾರ್ ಅವರದೇ. ಇದೇ ಹೆಸರಿನ ಬೇರೆ ಸಿನಿಮಾಗಳೂ ಇವೆ, ಇಸವಿ ನೋಡಿಕೊಳ್ಳಿ. 1986ರ ಬೇಸಿಗೆ, ಗೋಧಿ ಹೊಲ, ಸೈಕಲ್ ಮೇಲೆ ಹೋಗುತ್ತಿರುವ ಹುಡುಗಿ, ಹಿಂದೆಯೇ ಒಂದು ಕಾರು. ಕಾರಿನಲ್ಲಿದ್ದ ಇಬ್ಬರಲ್ಲಿ ಒಬ್ಬ ಇಳಿದು ಆ ಹೇಯ ಕೆಲಸ ಮಾಡುತ್ತಾನೆ. ಇನ್ನೊಬ್ಬ, ಟೀಮೋ, ಕಾರಲ್ಲೇ ಕೂತು ನೋಡುತ್ತಾನೆ. ಆಮೇಲೆ ಊರು ಬಿಡುತ್ತಾನೆ. 23 ವರ್ಷ ಕಳೆದಾಗ ಅವನಿಗೆ ಹೆಂಡತಿ, ಇಬ್ಬರು ಮಕ್ಕಳು, ಒಳ್ಳೆಯ ಕೆಲಸ, ಬೇರೆ ಅಡ್ಡಹೆಸರು. ಆಗ ಅದೇ ಜಾಗದಲ್ಲಿ ಇನ್ನೊಬ್ಬ ಹುಡುಗಿ ಕಾಣೆಯಾದ ಸುದ್ದಿ ಟೀವಿಯಲ್ಲಿ ಬರುತ್ತದೆ. ಕೊಲೆಗಾರ ಯಾರು ಅಂತ ನಮಗೆ ಮೊದಲೇ ಗೊತ್ತು. ಟೀಮೋ ಬಾಯಿ ಬಿಡುತ್ತಾನಾ ಅನ್ನುವುದೇ ನಮ್ಮನ್ನು ಕೂರಿಸುತ್ತದೆ.

ಇಷ್ಟು ವರ್ಷವಾದ ಮೇಲೂ ಯಾಕೆ ಹೆದರಬೇಕು ಅಂತ ಅನಿಸಬಹುದು. ಜರ್ಮನಿಯಲ್ಲಿ ಮೊದಲು ಕೊಲೆಗೂ 20 ವರ್ಷದ ಕಾಲಮಿತಿ ಇತ್ತು, ಅದು ಕಳೆದರೆ ಮೊಕದ್ದಮೆ ಇಲ್ಲ. ಹಾಗೇ ಬಿಟ್ಟಿದ್ದರೆ ನಾಜಿ ಕಾಲದ ಎಷ್ಟೋ ಕೊಲೆಗಾರರು 1965ಕ್ಕೆ ಪಾರಾಗಿಬಿಡುತ್ತಿದ್ದರು. ಸಂಸತ್ತಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. 1965ರಲ್ಲಿ ಲೆಕ್ಕ ಶುರುವಾಗುವ ದಿನವನ್ನು ಮುಂದೆ ಹಾಕಿದರು, 1969ರಲ್ಲಿ ಮಿತಿಯನ್ನು 30 ವರ್ಷ ಮಾಡಿದರು, 1979ರ ಜುಲೈ 3ರಂದು ಕೊಲೆಗೆ ಕಾಲಮಿತಿಯೇ ಬೇಡ ಅಂತ 255–222 ಮತಗಳಿಂದ ತೀರ್ಮಾನಿಸಿದರು. ಜರ್ಮನ್ ಕಥೆಗಳಲ್ಲಿ ಹಳೆಯ ಕೊಲೆ ಹಳೆಯದಾಗದೇ ಇರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಮೊದಲು ‘ಡೇರ್ ಫೆರ್ಲೋರನೆ’ ನೋಡಿ, ಒಂದೂವರೆ ಗಂಟೆ ಸಾಕು. ಆದಷ್ಟೂ ಜರ್ಮನ್ ಧ್ವನಿಯಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಿ, ಲೋರ್ ಅವರ ಆ ದನಿ ತಪ್ಪಿಸಿಕೊಳ್ಳಬೇಡಿ. ‘ದಿ ಸೈಲೆನ್ಸ್’ನಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ವಿಷಯವಿದೆ. ಮನಸ್ಸು ಸರಿಯಿಲ್ಲದ ದಿನ ಅದನ್ನು ಹಾಕಬೇಡಿ, ಮನೆಯಲ್ಲಿ ಮಕ್ಕಳಿದ್ದಾಗಲಂತೂ ಬೇಡವೇ ಬೇಡ.