ಗೋವಾದಲ್ಲಿ ಉಪ್ಪು ಅಂದರೆ ಯಾವ ಉಪ್ಪು?

ಮಗಳ ವಿಜ್ಞಾನ ಪುಸ್ತಕದಲ್ಲಿ ಮೈಲುತುತ್ತವೂ ಸಾಲ್ಟ್, ಔಷಧಿ ಅಂಗಡಿಯವನ ಬಾಯಲ್ಲಿ ಗುಳಿಗೆಯೂ ಸಾಲ್ಟ್, ಹಾಗಾದ್ರೆ ನಾವು ಸಾರಿಗೆ ಹಾಕೋದು ಏನು ಅಂತ ಕೇಳಿದ್ದೀರಿ. ಮೈಸೂರು ಬಿಟ್ಟು ಇಲ್ಲಿಗೆ ಬಂದು ಎರಡೇ ತಿಂಗಳು ತಾನೇ, ಇನ್ನೂ ತಮಾಷೆ ಬಾಕಿ ಇದೆ. ನಾನು ಕುಮಟಾ ಕಡೆಯವನು. ಗಡಿ ದಾಟಿ ಪಣಜಿ ಹತ್ತಿರ ಬಂದು ಹದಿನೈದು ವರ್ಷ ಆಯ್ತು, ಉಪ್ಪಿನ ವಿಷಯದಲ್ಲಿ ಸ್ವಲ್ಪ ಮಾತಾಡುವ ಹಕ್ಕಿದೆ ಅಂದುಕೊಂಡಿದ್ದೇನೆ.

ಮೊದಲು ಅಂಗಡಿಯ ಮಾತು. ಇಲ್ಲಿ ಉಪ್ಪಿಗೆ ಮೀಠ್ ಅಂತಾರೆ. ನಮ್ಮ ಓಣಿಗೆ ಬಾಗಲಕೋಟೆ ಕಡೆಯ ಹುಡುಗನೊಬ್ಬ ಕೆಲಸಕ್ಕೆ ಬಂದಿದ್ದ. ಮನೆಯ ಯಜಮಾನಿ ಅವನಿಗೆ ‘ಮೀಠ್ ಹಾಡ್’ ಅಂದರು. ಕೊಂಕಣಿಯಲ್ಲಿ ಹಾಡ್ ಅಂದರೆ ತಗೊಂಡು ಬಾ. ಇವನಿಗೆ ಗೊತ್ತಿದ್ದದ್ದು ಕನ್ನಡದ ಹಾಡು, ಹಿಂದಿಯ ಮೀಠಾ. ಸಿಹಿಯಾಗಿ ಹಾಡು ಅಂತಿದಾರಾ ಅಂತ ನಾಚಿಕೊಂಡು ನಿಂತಿದ್ದ. ಆಮೇಲೆ ಚೀಲ ಕೈಗೆ ಕೊಟ್ಟಾಗ ಹೋಗಿ ಅರ್ಧ ಕೆಜಿ ಸಕ್ಕರೆ ತಂದ. ಮರಾಠಿಯವರೂ ಮೀಠ ಅಂತಲೇ ಅಂತಾರೆ, ಆದರೆ ಬೆಳಗ್ಗೆ ತಿನ್ನೋದು ಮಾತ್ರ ಉಪ್ಪೀಟ. ಅದರೊಳಗೆ ನಮ್ಮ ಉಪ್ಪು ಸುಮ್ನೆ ಕೂತಿದೆ ನೋಡಿ.

ಪಣಜಿಯಿಂದ ರಾಯಬಂದರಿನ ಕಡೆ ಹೋಗುವಾಗ ರಸ್ತೆ ಪಕ್ಕ ಚೌಕ ಚೌಕ ಮಡಿ ಕಾಣುತ್ತಲ್ಲ, ಅದೇ ಆಗರ. ಮೈಸೂರಲ್ಲಿ ನೀವು ‘ಜ್ಞಾನದ ಆಗರ’ ಅಂತ ಭಾಷಣದಲ್ಲಿ ಕೇಳಿರುತ್ತೀರಿ, ನಮಗೆ ಆಗರ ಅಂದರೆ ಕಾಲಿಗೆ ಕೆಸರು ಮೆತ್ತುವ ಉಪ್ಪಿನ ಗದ್ದೆ. ಪೆಡ್ನೆಯ ಆಗರವಾಡೊ ಊರಿನ ಹೆಸರಲ್ಲೇ ಅದಿದೆ. ನಮ್ಮ ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲೂ ಇದೇ ಕೆಲಸ. ಗೋವಾದವರು ಖಾಜನ್ ಅನ್ನುವ ಹಿನ್ನೀರಿನ ಗದ್ದೆಗೆ ನಾವು ಗಜನಿ ಅಂತೇವೆ. ಅಲ್ಲಿ ಉಪ್ಪುನೀರು ತಡೆದುಕೊಳ್ಳುವ ಭತ್ತ ಬೆಳೀತಾರೆ, ಇವರಿಗೆ ಅದು ಕೊರ್ಗುಟ್, ನಮಗೆ ಕಗ್ಗ.

ಆಗರದ ಕೆಲಸ ನೋಡಬೇಕಾದರೆ ಮಾರ್ಚ್ ಏಪ್ರಿಲ್‌ನಲ್ಲಿ ಹೋಗಿ. ಭರತದ ನೀರನ್ನು ತೂಬಿನಿಂದ ಒಳಗೆ ಬಿಟ್ಟು, ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಸುತ್ತಾ ಬಿಸಿಲಿಗೆ ಒಣಗಿಸುತ್ತಾರೆ. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತೆ, ಅದೆಲ್ಲವೂ ಅಡುಗೆ ಉಪ್ಪಲ್ಲ. ನೀರು ಆವಿಯಾಗುತ್ತಾ ಬಂದ ಹಾಗೆ ಮೊದಲು ಸ್ವಲ್ಪ ಕ್ಯಾಲ್ಸಿಯಂ ಕಾರ್ಬೊನೇಟ್, ಆಮೇಲೆ ಜಿಪ್ಸಮ್ ತಳಕ್ಕೆ ಕೂರುತ್ತೆ. ಹೆಚ್ಚುಕಮ್ಮಿ ಹತ್ತರಲ್ಲಿ ಒಂದು ಪಾಲು ನೀರು ಉಳಿದಾಗ ನಮ್ಮ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಹರಳು ಕಟ್ಟುತ್ತೆ. ಕೊನೆಗೆ ಉಳಿಯುವ ಕಹಿ ನೀರಲ್ಲಿ ಮೆಗ್ನೀಸಿಯಂ ಲವಣ ಜಾಸ್ತಿ. ಹೊಸ ಕಲ್ಲುಪ್ಪು ನಾಲಿಗೆಗೆ ಚೂರು ಕಹಿ ಹತ್ತುವುದು ಈ ಮೆಗ್ನೀಸಿಯಂನಿಂದ. ಮಳೆಗಾಲದಲ್ಲಿ ಉಪ್ಪಿನ ಭರಣಿ ಬೆವರುವುದಕ್ಕೂ ಮುಖ್ಯ ಕಾರಣ ಇದೇ, ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ನಮ್ಮ ಅಮ್ಮ ಹೊಸ ಉಪ್ಪನ್ನು ಬುಟ್ಟಿಯಲ್ಲಿ ಹಾಕಿ ಕೆಳಗೆ ಪಾತ್ರೆ ಇಡುತ್ತಿದ್ದರು. ತೊಟ್ಟು ತೊಟ್ಟಾಗಿ ಕಹಿ ಇಳಿದು ಹೋದ ಮೇಲೇ ಅದು ಉಪ್ಪಿನಕಾಯಿಗೆ. ರಸಾಯನಶಾಸ್ತ್ರ ಓದಿದವರಲ್ಲ ಪಾಪ. ಒಂದು ಮಾತು, ಆಗರದ ಉಪ್ಪಿಗೆ ಅಯೋಡಿನ್ ಸೇರಿಸಿರುವುದಿಲ್ಲ, ದಿನದ ಅಡುಗೆಗೆ ಪ್ಯಾಕೆಟ್ ಉಪ್ಪೇ ಇರಲಿ.

ಈಗ ಮೈಲುತುತ್ತ, ಅಂದರೆ ಆ ನೀಲಿ ಕಾಪರ್ ಸಲ್ಫೇಟ್. ಆಮ್ಲ ಮತ್ತು ಪ್ರತ್ಯಾಮ್ಲ ಸೇರಿದಾಗ ನೀರಿನ ಜೊತೆ ಉಳಿಯುವುದಕ್ಕೆ ಲವಣ ಅಂತ ಹೆಸರು. ಅಡುಗೆ ಉಪ್ಪು ಆ ದೊಡ್ಡ ಮನೆತನದಲ್ಲಿ ಒಬ್ಬ ಅಷ್ಟೇ. ಮೈಲುತುತ್ತ, ಅಡುಗೆ ಸೋಡಾ, ಪಟಿಕ ಎಲ್ಲವೂ ಅದೇ ಮನೆತನದವು. ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ ಸುಣ್ಣ ಕಲಸಿ ಹೊಡೆಯುವ ನಮ್ಮೂರಿನವರಿಗೆ ಅದನ್ನು ಉಪ್ಪು ಅಂದರೆ ನಗು ಬರುತ್ತೆ. ಕನ್ನಡ ಪುಸ್ತಕದವರು ಜಾಣರು, ಅಡುಗೆಮನೆಗೆ ಉಪ್ಪು, ಪ್ರಯೋಗಾಲಯಕ್ಕೆ ಲವಣ ಅಂತ ಬೇರೆ ಬೇರೆ ಇಟ್ಟಿದ್ದಾರೆ. ನಿಮ್ಮ ಮಗಳು ಇಂಗ್ಲಿಷ್ ಮೀಡಿಯಂ, ಅವಳಿಗೆ ಎರಡಕ್ಕೂ ಸಾಲ್ಟೇ ಗತಿ. ಹಾಗಂತ ನಾವು ಗೊಂದಲ ಮಾಡಲ್ಲ ಅಂತೇನಿಲ್ಲ. ಬೋರ್‌ವೆಲ್‌ನ ಉಪ್ಪುನೀರು ಅಂತ ಬೈಯುತ್ತೇವಲ್ಲ, ಬಾಗಲಕೋಟೆಯವರ ಸವಳು ನೀರು, ಅದರಲ್ಲಿ ಸೋಪು ನೊರೆ ಬಾರದಂತೆ ಮಾಡುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು.

ಔಷಧಿ ಅಂಗಡಿಯ ಸಾಲ್ಟ್ ಮೂರನೆಯದು. ಅಲ್ಲಿ ಗುಳಿಗೆಯೊಳಗಿನ ನಿಜವಾದ ಮದ್ದಿಗೇ ಸಾಲ್ಟ್ ಅಂತಾರೆ. ಕೆಲವು ಸಲ ಅದು ಸರಿಯೇ, ಮಧುಮೇಹದ ಮೆಟ್‌ಫಾರ್ಮಿನ್ ಗುಳಿಗೆಯಲ್ಲಿ ಇರುವುದು ಹೈಡ್ರೋಕ್ಲೋರೈಡ್ ಲವಣ. ಆದರೆ ಪ್ಯಾರಾಸಿಟಮಾಲ್ ರಸಾಯನಶಾಸ್ತ್ರದ ಲೆಕ್ಕದಲ್ಲಿ ಲವಣವೇ ಅಲ್ಲ, ಅಂಗಡಿಯಲ್ಲಿ ಅದೂ ಸಾಲ್ಟ್.

ನಮ್ಮ ಪಕ್ಕದ ಮನೆಯ ಅಜ್ಜಿ, ಆ ಹುಡುಗನ ಊರಿನ ಕಡೆಯವರೇ, ಬಿಪಿ ಗುಳಿಗೆ ತರಲು ನನ್ನ ಜೊತೆ ಬಂದಿದ್ದರು. ಡಾಕ್ಟರು ಬರೆದ ಕಂಪನಿಯದು ಇರಲಿಲ್ಲ. ಅಂಗಡಿಯವನು ಇನ್ನೊಂದು ಪಟ್ಟಿ ಮುಂದಿಟ್ಟು ‘ಸಾಲ್ಟ್ ಸೇಮ್ ಹೈ, ಕಂಪನಿ ಅಲಗ್’ ಅಂದ. ಸಾಲ್ಟ್ ಅಂದರೆ ಉಪ್ಪು ಅಂತ ಮೊಮ್ಮಗನಿಂದ ಕಲಿತಿದ್ದರು ಅಜ್ಜಿ. ಪಟ್ಟಿಯನ್ನು ಹಾಗೇ ಹಿಂದಕ್ಕೆ ತಳ್ಳಿ, ‘ಡಾಕ್ಟರು ಉಪ್ಪು ಬಿಡು ಅಂದಾರ, ಈತ ನೋಡಿದ್ರ ಉಪ್ಪಿನ ಗುಳಿಗಿ ಕೊಡಾಕತ್ಯಾನ, ನಡಿ ತಮ್ಮಾ’ ಅಂತ ನನ್ನ ಕೈ ಹಿಡಿದು ಎಳೆದರು. ಅದು ಆಮ್ಲೋಡಿಪಿನ್ ಬೆಸಿಲೇಟ್. ಲವಣ ಹೌದು, ಸೋಡಿಯಂ ಇಲ್ಲ. ಡಾಕ್ಟರು ಕಡಿಮೆ ಮಾಡಿ ಅನ್ನುವುದು ಮುಖ್ಯವಾಗಿ ಆ ಸೋಡಿಯಂನ್ನ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದಾಜು ಒಂದು ಟೀ ಚಮಚ. ಅದರಲ್ಲಿ ಸೋಡಿಯಂ ಸುಮಾರು 2 ಗ್ರಾಂ. ಸೋಡಾ ಹಾಕಿದ ತಿಂಡಿಯಲ್ಲೂ ಸೋಡಿಯಂ ಇರುತ್ತೆ, ಸೈಂಧವ ಲವಣ ಅನ್ನುವ ಇಂದುಪ್ಪಲ್ಲೂ ಇರುತ್ತೆ.

ರಸ್ತೆಯಲ್ಲೇ ನಿಂತು ಇದನ್ನೆಲ್ಲ ಅಜ್ಜಿಗೆ ಬಿಡಿಸಿ ಹೇಳಿದೆ. ಗುಳಿಗೆ ತಗೊಳ್ಳಲು ಒಪ್ಪಿದರು, ಸಾರಿಗೂ ಉಪ್ಪು ಕಡಿಮೆ ಮಾಡಿದ್ದಾರೆ. ಹಪ್ಪಳ ಮಾತ್ರ ದಿನಾ ಎರಡು ಬೇಕು. ಅದರ ಹೆಸರಲ್ಲಿ ಉಪ್ಪು ಎಲ್ಲೈತಿ ಅಂತ ನನ್ನನ್ನೇ ಕೇಳ್ತಾರೆ.